ಆ ಮಗುವಿನ ಅಮ್ಮ ಎಲ್ಲಿದ್ದಾಳೆ?

ಈ ಸಲ ಬಂದ ಕಾಗದಗಳಲ್ಲಿ ಮೂರು ಒಂದೇ ವಿಷಯದವು. ಬೇರೆ ದೇಶದ ಅನಾಥಾಶ್ರಮಕ್ಕೆ ಸೇವೆಗೆ ಅಂತ ಹೋಗಿಬಂದ ಹುಡುಗಿಯ ಅಮ್ಮ ಒಬ್ಬರು, ಹೋಗಬೇಕು ಅಂತಿರುವ ಹುಡುಗ ಒಬ್ಬ, ಹೋಗಿಬಂದು ಮೂರು ವರ್ಷವಾದರೂ ಮನಸ್ಸು ಅಲ್ಲೇ ಬಿಟ್ಟುಬಂದಿರುವವರು ಒಬ್ಬರು. ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ ಇರಲಿ, ಇವತ್ತು ಇದನ್ನೇ ಮಾತಾಡೋಣ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಮಗಳಿಗೆ 21 ವರ್ಷ, ಎಂಜಿನಿಯರಿಂಗ್ ಕೊನೆ ವರ್ಷ. ರಜೆಯಲ್ಲಿ ಗೆಳತಿಯರ ಜೊತೆ ಕಠ್ಮಂಡುವಿಗೆ ಹೋಗಿ ಆರು ವಾರ ಅಲ್ಲಿನ ಒಂದು ಅನಾಥಾಶ್ರಮದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಬಂದಳು. ಬಂದಾಗಿನಿಂದ ಬೇರೆಯೇ ಹುಡುಗಿ ಆಗಿಬಿಟ್ಟಿದ್ದಾಳೆ. ಅವಳ ಚಿಕ್ಕಮ್ಮ ಮದುವೆಗೆ ತಂದ ಸೀರೆ ತೋರಿಸಿದರೆ "ಈ ದುಡ್ಡಲ್ಲಿ ಎಷ್ಟು ಮಕ್ಕಳ ಫೀಸು ಕಟ್ಟಬಹುದಿತ್ತು" ಅಂತ ಹೇಳಿ ಎದ್ದು ಹೋದಳು. ತಟ್ಟೆಯಲ್ಲಿ ಒಂದಗುಳೂ ಬಿಡುವುದಿಲ್ಲ, ಬಿಟ್ಟವರ ಮೇಲೆ ರೇಗುತ್ತಾಳೆ. ರಾತ್ರಿ ಫೋನಿನಲ್ಲಿ ಒಂದು ಪುಟ್ಟ ಹುಡುಗಿಯ ಫೋಟೋ ನೋಡಿಕೊಂಡು ಅಳುತ್ತಾಳೆ. ಈಗ ಕ್ಯಾಂಪಸ್‌ನಲ್ಲಿ ಸಿಕ್ಕಿರುವ ಕೆಲಸ ಬೇಡ, ಅಲ್ಲೇ ಹೋಗಿ ಒಂದು ಆಶ್ರಮ ಶುರು ಮಾಡ್ತೀನಿ ಅಂತಿದ್ದಾಳೆ. ಅವರಪ್ಪ "ಹುಚ್ಚು ಹಿಡಿದಿದೆ" ಅಂತಾರೆ. ನನಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಹೆದರಿಕೆ. ಅವಳಿಗೆ ಏನು ಹೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಾಯೀ, ಮೊದಲು ಮನೆಯಲ್ಲಿ ಹುಚ್ಚು ಅನ್ನುವ ಮಾತು ನಿಲ್ಲಲಿ. ಅವಳಿಗೆ ಆಗಿರುವುದು ಹುಚ್ಚಲ್ಲ. 21 ವರ್ಷಕ್ಕೆ ಮೊದಲ ಸಲ ಒಬ್ಬಳು ಹುಡುಗಿ ತನ್ನ ಮನೆ, ತನ್ನ ಕಾಲೇಜು, ತನ್ನ ಮಾರ್ಕ್ಸ್ ಬಿಟ್ಟು ಹೊರಗೆ ನೋಡಿದ್ದಾಳೆ, ನೋಡಿದ್ದು ಎದೆಗೆ ತಾಗಿದೆ. ಸೀರೆ ವಿಷಯಕ್ಕೆ ಚಿಕ್ಕಮ್ಮನ ಮನಸ್ಸು ನೋಯಿಸಿದ್ದು ತಪ್ಪು, ಅದನ್ನು ನೀವು ಹೇಳಲೇಬೇಕು, ಆದರೆ ಆ ಸಿಟ್ಟಿನ ಕೆಳಗೆ ಇರುವುದು ಒಳ್ಳೆಯ ಮನಸ್ಸೇ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನೂ ಹೀಗೇ ಹೋಗಿದ್ದೆ. 2007ರಲ್ಲಿ, ನನಗೆ 23 ವರ್ಷ ಇದ್ದಾಗ, ಕಠ್ಮಂಡು ಪಕ್ಕದ ಲಲಿತಪುರ ಜಿಲ್ಲೆಯ ಒಂದು ಮಕ್ಕಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ಎರಡು ಕೋಣೆ, 17 ಮಕ್ಕಳು. ಬೆಳಿಗ್ಗೆ ಅಂಗಳದ ನಲ್ಲಿಯ ಐಸಿನಂಥ ನೀರಲ್ಲಿ ದೊಡ್ಡ ಮಕ್ಕಳೇ ಚಿಕ್ಕವರ ಮುಖ ತೊಳೆಸುತ್ತಿದ್ದರು. ಹೊತ್ತಿಗೆ ಸರಿಯಾಗಿ ದಾಲ್ ಭಾತ್. ಸಂಜೆ ಕರೆಂಟ್ ಹೋದರೆ ಮೋಂಬತ್ತಿ ಸುತ್ತ ಕೂತು ಮಗ್ಗಿ ಹೇಳಿಸುತ್ತಿದ್ದೆ. ನಾನು ಹೋದ ಮೊದಲ ದಿನ, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಏಳು ವರ್ಷದ ಒಬ್ಬ ಹುಡುಗ ಓಡಿ ಬಂದು ಸೊಂಟ ತಬ್ಬಿಕೊಂಡ. ಎರಡು ತಿಂಗಳೂ ನನ್ನ ಮಡಿಲು ಬಿಟ್ಟು ಇಳಿಯಲಿಲ್ಲ. ದೀದಿ, ದೀದಿ ಅಂತ ಹಿಂದೆ ಹಿಂದೆಯೇ. ನಾನು ಅವನಿಗೆ ಎಷ್ಟು ಬೇಕಾದವಳು ಅಂತ ಹಿಗ್ಗಿದ್ದೆ.

ವಾಪಸ್ ಹೊರಡುವ ದಿನ ಅವನನ್ನು ಹೇಗೆ ಸಮಾಧಾನ ಮಾಡಲಿ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಟ್ಯಾಕ್ಸಿ ಬಂತು. ನನ್ನ ಜಾಗಕ್ಕೆ ಬಂದ ವಿದೇಶಿ ಹುಡುಗಿ ಅದರಿಂದ ಇಳಿದಳು, ಅದೇ ಟ್ಯಾಕ್ಸಿಯಲ್ಲಿ ನಾನು ಹೋಗಬೇಕು. ಆ ಹುಡುಗ ಓಡಿ ಹೋಗಿ ಅವಳ ಸೊಂಟ ತಬ್ಬಿಕೊಂಡ. ನನಗೆ ಹೇಗೋ ಹಾಗೇ, ಅದೇ ರೀತಿ, ಮುಖ ಒಂದು ಪಕ್ಕಕ್ಕೆ ಒತ್ತಿ. ನಾನು ಬ್ಯಾಗ್ ಹಿಡಿದು ನಿಂತಿದ್ದೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವತ್ತು ಬಸ್ಸಲ್ಲಿ ಬರುವಾಗ ಅವನ ಮೇಲೆ ಬೇಜಾರು ಮಾಡಿಕೊಂಡಿದ್ದೆ. ಅರ್ಥ ಆಗಲು ವರ್ಷಗಳೇ ಬೇಕಾದವು. ಎರಡು ತಿಂಗಳಿಗೊಬ್ಬ ದೀದಿ ಬಂದು ಎತ್ತಿ ಮುದ್ದಾಡಿ ಹೋಗುವ ಕಡೆ ಬೆಳೆದ ಮಗು ಯಾರನ್ನೂ ನೆಚ್ಚಿಕೊಳ್ಳಬಾರದು ಅಂತ ಕಲಿತುಬಿಡುತ್ತದೆ. ಗುರುತು ಪರಿಚಯ ಇಲ್ಲದವರನ್ನು ನೋಡಿದ ಕೂಡಲೇ ತಬ್ಬಿಕೊಳ್ಳುವುದು ಪ್ರೀತಿಯ ಗುರುತಲ್ಲ, ಎಲ್ಲೋ ಏನೋ ಮುರಿದಿರುವ ಗುರುತು. ನಮ್ಮ ಮನೆ ಮಕ್ಕಳು ಹೊಸಬರು ಬಂದರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತವೆ, ಅಲ್ವಾ? ಮಗು ಸರಿಯಾಗಿದೆ ಅನ್ನುವುದಕ್ಕೆ ಆ ನಾಚಿಕೆಯೇ ಸಾಕ್ಷಿ. ಒಬ್ಬರೇ ಒಬ್ಬರು ಸದಾ ಹತ್ತಿರ ಇರುವುದು ಮಗುವಿಗೆ ಅನ್ನದಷ್ಟೇ ಮುಖ್ಯ ಅಂತ ಜಾನ್ ಬೌಲ್ಬಿ ಎಂಬ ಬ್ರಿಟಿಷ್ ಮನೋವೈದ್ಯರು 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದುಕೊಟ್ಟಿದ್ದರು. ರುಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಶೆಸ್ಕು ಬಿದ್ದ ಮೇಲೆ ಅಲ್ಲಿನ ಅನಾಥಾಲಯಗಳ ಬಾಗಿಲು ತೆರೆಯಿತು, ತೊಟ್ಟಿಲಲ್ಲೇ ಬೆಳೆದ ಮಕ್ಕಳನ್ನು ಜಗತ್ತು ಟಿವಿಯಲ್ಲಿ ನೋಡಿತು. ಆಮೇಲೆ 2000ದಲ್ಲಿ ಬುಖಾರೆಸ್ಟ್‌ನಲ್ಲಿ 136 ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿ ನೋಡಿದರು. ಮನೆ ಸೇರಿದ ಮಕ್ಕಳು ಚೇತರಿಸಿಕೊಂಡರು, ಅದರಲ್ಲೂ ಎರಡು ವರ್ಷ ತುಂಬುವ ಮುಂಚೆ ಮನೆ ಸೇರಿದವು ಜಾಸ್ತಿ ಚೇತರಿಸಿಕೊಂಡವು. ಮಗುವಿಗೆ ಬೇಕಾದ್ದು ಮನೆ. ಕಟ್ಟಡ ಎಷ್ಟೇ ಚೆನ್ನಾಗಿರಲಿ, ಅದರಿಂದ ಆಗುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಒಂದು ಸಂಜೆ ಅದೇ ಹುಡುಗ ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿ ಮನೆಯ ಚಿತ್ರ ಬರೆಯುತ್ತಿದ್ದ. ಚಪ್ಪಟೆ ಮಾಳಿಗೆ, ಅದರ ಮೇಲೆ ಹತ್ತಲು ಒಂದು ಏಣಿ, ಮಾಳಿಗೆ ಮೇಲೆ ಕೂತ ಒಬ್ಬ ಹೆಂಗಸು. ಯಾರಿದು ಅಂದೆ. "ಆಮಾ" ಅಂದ. ಸತ್ತುಹೋದ ಅಮ್ಮನನ್ನು ನೆನೆಸಿಕೊಳ್ಳುತ್ತಿದ್ದಾನೆ ಅಂತ ನನ್ನ ಕಣ್ಣು ತುಂಬಿತು. ಅವನು ಪೆನ್ಸಿಲ್ ಎತ್ತದೆ, ನಾವು ನಮ್ಮಮ್ಮ ಅಡಿಗೆಮನೆಯಲ್ಲಿದ್ದಾಳೆ ಅನ್ನುವಷ್ಟೇ ಸಲೀಸಾಗಿ ಹೇಳಿದ: "ಆಮಾ ಗಾಉಮಾ." ಅಮ್ಮ ಊರಲ್ಲಿದ್ದಾಳೆ.

ಅವನು ಹುಮ್ಲಾದವನು. ನೇಪಾಳದ ವಾಯವ್ಯ ಮೂಲೆಯ ಬೆಟ್ಟದ ಜಿಲ್ಲೆ ಅದು. ಆಗ ಜಿಲ್ಲಾ ಕೇಂದ್ರ ಸಿಮಿಕೋಟ್‌ಗೆ ರಸ್ತೆಯೇ ಇರಲಿಲ್ಲ. ಹೋದರೆ ಪುಟ್ಟ ವಿಮಾನದಲ್ಲಿ, ಇಲ್ಲದಿದ್ದರೆ ದಿನಗಟ್ಟಲೆ ನಡೆದು. 1996ರಿಂದ 2006ರವರೆಗೆ ಮಾವೋವಾದಿಗಳಿಗೂ ಸರ್ಕಾರಕ್ಕೂ ಯುದ್ಧ ನಡೆಯಿತಲ್ಲ, ಆಗ ಮಕ್ಕಳನ್ನು ಎಲ್ಲಿ ಪಡೆಗೆ ಎಳೆದುಕೊಂಡು ಹೋಗುತ್ತಾರೋ ಅಂತ ಹೆದರಿದ ಅಪ್ಪ ಅಮ್ಮಂದಿರ ಹತ್ತಿರ ದಲ್ಲಾಳಿಗಳು ಬಂದರು. ಕಠ್ಮಂಡುವಿನಲ್ಲಿ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆ, ಓದಿ ದೊಡ್ಡ ಮನುಷ್ಯರಾಗುತ್ತಾರೆ ಅಂದರು. ಜಮೀನು, ಜಾನುವಾರು ಮಾರಿ ದುಡ್ಡು ಕೊಟ್ಟು ಕಳಿಸಿದ ಮನೆಗಳಿವೆ. ಅಲ್ಲಿ ಇಳಿದ ಮೇಲೆ ಕಾಗದದಲ್ಲಿ ಅಪ್ಪ ಅಮ್ಮ ಸತ್ತರು. ಕಾಗದದ ಅನಾಥರು ಅಂತಲೇ ಆ ಮಕ್ಕಳಿಗೆ ಹೆಸರು ಬಂತು. ಆ ಮಕ್ಕಳನ್ನು ತೋರಿಸಿ ವಿದೇಶದವರಿಂದ ದಾನ, ಬಂದುಹೋಗುವ ವಾಲಂಟಿಯರ್‌ಗಳಿಂದ ಫೀಸು.

ಎಲ್ಲ ಮಕ್ಕಳ ಮನೆಗಳೂ ಹೀಗೆ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ವಿಷಯ ಯೋಚನೆ ಮಾಡಿ. ನೇಪಾಳದ 77 ಜಿಲ್ಲೆಗಳಲ್ಲಿ ಮಕ್ಕಳ ಮನೆಗಳ ಬಹುಪಾಲು ಇರುವುದು ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತವನ ಈ ಐದರಲ್ಲೇ. ಬಡತನ ಜಾಸ್ತಿ ಇರುವುದು ಬೆಟ್ಟದ ಮೇಲೆ, ಆಶ್ರಮ ಜಾಸ್ತಿ ಇರುವುದು ಪ್ರವಾಸಿಗರು ಇಳಿಯುವ ಕಡೆ. ಯಾಕಿರಬಹುದು? 2015ರ ಏಪ್ರಿಲ್ 25ರ ಭೂಕಂಪ ಆದ ಮೇಲೆ ಸರ್ಕಾರ ಸರಿಯಾದ ಕಾಗದಪತ್ರ ಇಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು.

ಅದಕ್ಕೇ ಮಗಳ ಪಕ್ಕ ಕೂತು, ಬೈಯದೆ, ಒಂದೇ ಪ್ರಶ್ನೆ ಕೇಳಿ: ಆ ಫೋಟೋದ ಹುಡುಗಿಯ ಅಮ್ಮ ಎಲ್ಲಿದ್ದಾಳೆ? ಅವಳಿಗೆ ಗೊತ್ತಿರಲಿಕ್ಕಿಲ್ಲ. ನನಗೂ ಗೊತ್ತಿರಲಿಲ್ಲ, ಕೇಳಬೇಕು ಅಂತ ಹೊಳೆದೂ ಇರಲಿಲ್ಲ. ಈ ಪ್ರಶ್ನೆ ಅವಳಿಗೆ ನೋವು ಕೊಡುತ್ತದೆ, ಕೊಡಲಿ. ಅವಳ ಮನಸ್ಸು ನಿಜವಾಗಿ ಬದಲಾಗುವುದು ಅಲ್ಲಿಂದಲೇ. ಅಮೆರಿಕದ ಕಾನರ್ ಗ್ರೆನನ್ ಅಂತ ಒಬ್ಬರು 2004ರಲ್ಲಿ ಕಠ್ಮಂಡು ಹತ್ತಿರದ ಗೋದಾವರಿಯ ಒಂದು ಮಕ್ಕಳ ಮನೆಗೆ ಹೀಗೇ ಬಂದಿದ್ದರು. ಪ್ರಪಂಚ ಸುತ್ತಲು ಹೊರಟಿದ್ದೆ, ಬರೀ ಮೋಜಿಗೆ ಅಂತ ಜನ ಅಂದುಕೊಳ್ಳದಿರಲಿ ಅಂತ ಅನಾಥಾಶ್ರಮವನ್ನೂ ಸೇರಿಸಿಕೊಂಡೆ ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಮಕ್ಕಳಿಗೆ ಅಪ್ಪ ಅಮ್ಮ ಇದ್ದಾರೆ ಅಂತ ಗೊತ್ತಾದಾಗ ಅವರು ಇನ್ನೊಂದು ಆಶ್ರಮ ಕಟ್ಟಲು ಹೋಗಲಿಲ್ಲ. ಮಕ್ಕಳ ಫೋಟೋ ಹಿಡಿದುಕೊಂಡು 2006ರಲ್ಲಿ ಹುಮ್ಲಾದ ಬೆಟ್ಟಗಳಲ್ಲಿ ಹಳ್ಳಿ ಹಳ್ಳಿ ನಡೆದು ಅಪ್ಪ ಅಮ್ಮಂದಿರನ್ನು ಹುಡುಕಿದರು. ಮಕ್ಕಳನ್ನು ಮನೆ ಸೇರಿಸುವ ಕೆಲಸಕ್ಕೇ ಒಂದು ಸಂಸ್ಥೆ ಮಾಡಿದರು. ನಿಮ್ಮ ಮಗಳ ಕಥೆಯೂ ಅವರ ಕಥೆಯ ಹಾಗೇ ಶುರುವಾಗಿದೆ. ಮುಂದಕ್ಕೆ ಯಾವ ಕಡೆ ತಿರುಗಬೇಕು ಅನ್ನುವುದಷ್ಟೇ ಈಗ ಇರುವ ಮಾತು.

ಕೆಲಸ ಬಿಡುವುದು ಬೇಡ ಅಂತ ನಾನು ಹೇಳುತ್ತೇನೆ. ಆಶ್ರಮ ಶುರು ಮಾಡುವುದಂತೂ ಖಂಡಿತ ಬೇಡ. ಒಂದು ಹೊಸ ಆಶ್ರಮ ಬಂದರೆ ಅದನ್ನು ತುಂಬಲು ಇನ್ನಷ್ಟು ಮಕ್ಕಳು ಬೆಟ್ಟ ಇಳಿಯುತ್ತಾರೆ. ಅದರ ಬದಲು ದಾವಣಗೆರೆಯಲ್ಲೇ ಇರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ದಿನ ಅವಳನ್ನು ಕರೆದುಕೊಂಡು ಹೋಗಿ. ಗಂಡ ಸತ್ತ, ಇಲ್ಲವೇ ಬಿಟ್ಟುಹೋದ ಹೆಂಗಸರ ಮಕ್ಕಳು ಬಾಲಮಂದಿರ ಸೇರದೆ ಅಮ್ಮನ ಹತ್ತಿರವೇ ಇದ್ದು ಓದಲಿ ಅಂತ ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4000 ರೂಪಾಯಿ ಕೊಡುವ ಪ್ರಾಯೋಜಕತ್ವ ಯೋಜನೆ ಇದೆ. ಎಷ್ಟೋ ಅಮ್ಮಂದಿರಿಗೆ ಅದು ಗೊತ್ತೇ ಇಲ್ಲ, ಗೊತ್ತಿದ್ದವರಿಗೆ ಅರ್ಜಿ ತುಂಬಲು ಬರುವುದಿಲ್ಲ. ಎಂಜಿನಿಯರಿಂಗ್ ಓದಿದ ಹುಡುಗಿ ಶನಿವಾರ ಶನಿವಾರ ಕೂತು ನಾಲ್ಕು ಅಮ್ಮಂದಿರ ಅರ್ಜಿ ತುಂಬಿಕೊಟ್ಟರೆ ನಾಲ್ಕು ಮನೆ ಉಳಿಯುತ್ತದೆ. ಆ ಕೆಲಸದಲ್ಲಿ ಯಾರೂ ಓಡಿ ಬಂದು ಸೊಂಟ ತಬ್ಬಿಕೊಳ್ಳುವುದಿಲ್ಲ. ಒಂದು ವರ್ಷ ಮಾಡಿದ ಮೇಲೂ ಇದೇ ದಾರಿ ಬೇಕು ಅನಿಸಿದರೆ ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಓದಲಿ, ಆಗ ಅವರಪ್ಪನನ್ನು ಒಪ್ಪಿಸುವ ಕೆಲಸ ನಿಮ್ಮದು.

ಪ್ರಶ್ನೆ: ಮೇಡಂ, ನನಗೆ 19 ವರ್ಷ. ಡಿಸೆಂಬರ್ ರಜೆಯಲ್ಲಿ ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ ಎರಡು ವಾರ ಅನಾಥಾಶ್ರಮದಲ್ಲಿ ವಾಲಂಟಿಯರ್ ಮಾಡಲು ಒಂದು ಏಜೆನ್ಸಿ ಕರೆದಿದೆ. ವಿಮಾನ ಬಿಟ್ಟು 60,000 ರೂಪಾಯಿ. ಅಂಕೋರ್ ವಾಟ್ ಕೂಡ ತೋರಿಸುತ್ತಾರೆ, ಸರ್ಟಿಫಿಕೇಟ್ ಕೊಡುತ್ತಾರೆ. ಹೋದರೆ ನಾನೂ ಸ್ವಲ್ಪ ಜವಾಬ್ದಾರಿ ಕಲಿಯಬಹುದು ಅಂತ ಆಸೆ. ಹೋಗಲಾ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ತಮ್ಮಾ, ಅಂಕೋರ್ ವಾಟ್‌ಗೆ ಹೋಗು. ಅನಾಥಾಶ್ರಮಕ್ಕೆ ಬೇಡ.

ಏಜೆನ್ಸಿಯವರು ನಿನ್ನ ಹತ್ತಿರ ಏನೇನು ಕೇಳಿದರು? ದುಡ್ಡು, ಪಾಸ್‌ಪೋರ್ಟ್ ಕಾಪಿ, ಟೀಶರ್ಟ್ ಸೈಜು. ಪೊಲೀಸ್ ವೆರಿಫಿಕೇಶನ್ ಕೇಳಿದರಾ? ಪಾಠ ಹೇಳಲು ಬರುತ್ತದಾ, ಖಮೇರ್ ಭಾಷೆ ನಾಲ್ಕು ಮಾತಾದರೂ ಗೊತ್ತಾ ಅಂತ ಕೇಳಿದರಾ? ಈಗ ಹೀಗೆ ಯೋಚಿಸು. ನಿನ್ನ ತಂಗಿ ಓದುವ ಶಾಲೆಗೆ ನಾಳೆ ಯಾವುದೋ ದೇಶದ 19 ವರ್ಷದ ಹುಡುಗ ಬಂದು, ಎರಡು ವಾರ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಫೋಟೋ ತೆಗೆದು ಹೋಗುತ್ತಾನೆ ಅಂದರೆ ನಿಮ್ಮಮ್ಮ ಬಿಡುತ್ತಾರಾ? ನೀನು ಒಳ್ಳೆಯವನೇ. ಆದರೆ ಯಾರು ಬಂದರೂ ಕೇಳದೆ ಒಳಗೆ ಬಿಡುವ ಬಾಗಿಲಲ್ಲಿ ಒಳ್ಳೆಯವರು ಮಾತ್ರ ಬರುವುದಿಲ್ಲ.

ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಇಂಥ ಆಶ್ರಮಗಳು 75 ಪರ್ಸೆಂಟ್ ಜಾಸ್ತಿ ಆದವು. ಯುದ್ಧ ಮುಗಿದು, ಅಲ್ಲಿನ ಸರ್ವಾಧಿಕಾರಿ ಪೋಲ್ ಪಾಟ್ ಸತ್ತು ಎಷ್ಟೋ ವರ್ಷವಾಗಿತ್ತು. ಆ ಐದು ವರ್ಷದಲ್ಲಿ ಅಷ್ಟು ಅಪ್ಪ ಅಮ್ಮಂದಿರೇನೂ ಸಾಯಲಿಲ್ಲ. ಜಾಸ್ತಿ ಆದದ್ದು ಪ್ರವಾಸಿಗರು. ಆಶ್ರಮದ ಮಕ್ಕಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಇದ್ದರು. ಹೊಲದ ಕೆಲಸ ಮಾಡುವ ಬಡವರು, ಅಲ್ಲಾದರೂ ಇಂಗ್ಲಿಷ್ ಕಲಿತು ಉದ್ಧಾರ ಆಗಲಿ ಅಂತ ಕಳಿಸಿದವರು. ಸಂಜೆ ಬಂದ ಪ್ರವಾಸಿಗರ ಮುಂದೆ ಈ ಮಕ್ಕಳನ್ನು ಕುಣಿಸಿ ದಾನದ ಡಬ್ಬಿ ಇಡುತ್ತಿದ್ದ ಕಡೆಗಳೂ ಇದ್ದವು. ಮಕ್ಕಳು ಪ್ರವಾಸಿಗರು ನೋಡಿ ಹೋಗುವ ವಸ್ತುಗಳಲ್ಲ ಅಂತ ನಾಮ್ ಪೆನ್‌ನಲ್ಲಿ ಕೆಲಸ ಮಾಡುವ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 2011ರಲ್ಲಿ ಊರೆಲ್ಲ ಪೋಸ್ಟರ್ ಹಾಕಬೇಕಾಯಿತು.

ಟಾರಾ ವಿಂಕ್ಲರ್ ಎಂಬ ಆಸ್ಟ್ರೇಲಿಯಾದ ಹುಡುಗಿ ಹೆಚ್ಚುಕಮ್ಮಿ ನಿನ್ನ ವಯಸ್ಸಿನಲ್ಲೇ ಕಾಂಬೋಡಿಯಾಕ್ಕೆ ಹೋಗಿದ್ದಳು. ಕೆಟ್ಟ ಆಶ್ರಮವೊಂದರಿಂದ ಮಕ್ಕಳನ್ನು ಬಿಡಿಸಿ 2007ರಲ್ಲಿ ಬಟಂಬಾಂಗ್‌ನಲ್ಲಿ ತಾನೇ ಒಂದು ಮಕ್ಕಳ ಮನೆ ನಡೆಸಿದಳು. ಭಾಷೆ ಚೆನ್ನಾಗಿ ಬಂದ ಮೇಲೆ ಮಕ್ಕಳ ಜೊತೆ ಸರಿಯಾಗಿ ಮಾತಾಡಿದಾಗ ಅವರಿಗೆ ಮನೆಯವರಿದ್ದಾರೆ ಅಂತ ತಿಳಿಯಿತು. ತಾನು ಕಷ್ಟಪಟ್ಟು ಕಟ್ಟಿದ್ದನ್ನೇ ಬದಲಾಯಿಸಿ, ಅದೇ ದುಡ್ಡಲ್ಲಿ ಮಕ್ಕಳು ಮನೆಯಲ್ಲೇ ಬೆಳೆಯುವಂತೆ ಮಾಡಿದಳು. ಜನ ಹೊಗಳುತ್ತಿರುವಾಗಲೇ ನಾನು ಮಾಡಿದ್ದು ತಪ್ಪು ಅಂತ ಎಲ್ಲರ ಮುಂದೆ ಹೇಳುವುದು ಸಣ್ಣ ಮಾತಲ್ಲ. ಅವಳ ದೇಶ ಆಸ್ಟ್ರೇಲಿಯಾ 2018ರ ಆಧುನಿಕ ಗುಲಾಮಗಿರಿ ಕಾಯ್ದೆ ಮಾಡುವಾಗ ಆಶ್ರಮಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಈ ಬಗ್ಗೆ ನಿರ್ಣಯ ಮಾಡಿತು.

ಜವಾಬ್ದಾರಿ ಕಲಿಯುವ ಆಸೆ ಇದೆ ಅಂದೆಯಲ್ಲ, ಆ ಮಾತು ನನಗೆ ತುಂಬ ಇಷ್ಟವಾಯಿತು. ಹಾಗಿದ್ದರೆ ನಿಮ್ಮೂರಲ್ಲೇ, ಕನ್ನಡವೋ ತುಳುವೋ ಮಾತಾಡುವ ಒಬ್ಬ ಹುಡುಗನಿಗೆ ಒಂದು ವರ್ಷ, ವಾರಕ್ಕೆ ಎರಡು ಸಂಜೆ ಗಣಿತ ಹೇಳಿಕೊಡು. ಮಳೆ ಬಂದರೂ ಹೋಗು, ಇಂಟರ್ನಲ್ಸ್ ಇದ್ದರೂ ಹೋಗು. ಎರಡು ವಾರ ಎಲ್ಲರಿಗೂ ಆಗುತ್ತದೆ, 40ನೆಯ ವಾರ ಇದೆಯಲ್ಲ, ಅದು ಕಷ್ಟ. (ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಕೇಕ್ ಕತ್ತರಿಸಿ ಮಕ್ಕಳಿಗೆ ಊಟ ಹಾಕಿಸುವ ಎಲ್ಲ ಓದುಗರಿಗೂ ಒಂದು ಮಾತು: ಊಟ ಹಾಕಿಸಿ, ದಯವಿಟ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಡಿ. ರಕ್ಷಣೆಯಲ್ಲಿರುವ ಮಕ್ಕಳ ಗುರುತು ಬಯಲು ಮಾಡಬಾರದು ಅಂತ ನಮ್ಮ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.)

ಪ್ರಶ್ನೆ: ಮೇಡಂ, ಮೂರು ವರ್ಷದ ಹಿಂದೆ ಪೋಖರಾದ ಒಂದು ಮಕ್ಕಳ ಮನೆಯಲ್ಲಿ ಒಂದು ತಿಂಗಳು ಇದ್ದೆ. ಅಲ್ಲಿನ ಒಬ್ಬ ಹುಡುಗ ಈಗಲೂ ವಾಟ್ಸಾಪ್ ಮಾಡುತ್ತಾನೆ. ಅವನಿಗೀಗ 17. "ದಾಯಿ (ಅಣ್ಣಾ), ಯಾವಾಗ ಬರ್ತೀರಾ" ಅಂತ ಕೇಳುತ್ತಾನೆ. ಹೊರಡುವಾಗ ಮುಂದಿನ ವರ್ಷ ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ಮದುವೆಯಾಯಿತು, ಮಗುವಾಯಿತು, ಹೋಗಲಾಗಲಿಲ್ಲ. ಈಗ ಅವನ ಮೆಸೇಜ್ ಬಂದರೆ ನೋಡಲು ಹೆದರಿಕೆ. ನಂಬರ್ ಬ್ಲಾಕ್ ಮಾಡಿಬಿಡಲಾ ಅನಿಸುತ್ತದೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬ್ಲಾಕ್ ಮಾಡಬೇಡಿ. ಅವನ ಜೀವನದಲ್ಲಿ ಬಂದು ಹೋದವರು ತುಂಬ ಜನ ಇರುತ್ತಾರೆ, ಹೋದ ಮೇಲೂ ಉತ್ತರ ಕೊಟ್ಟವರು ಬಹಳ ಕಡಿಮೆ. ಇವತ್ತೇ ಬರೆಯಿರಿ. "ಬರ್ತೀನಿ ಅಂದಿದ್ದೆ, ಬರಲಾಗಲಿಲ್ಲ, ತಪ್ಪಾಯಿತು" ಅಂತ ಸುಮ್ನೆ ನೇರವಾಗಿ ಹೇಳಿ. ಹೊಸ ಮಾತು ಮಾತ್ರ ಕೊಡಬೇಡಿ. ಭಾನುವಾರಕ್ಕೊಮ್ಮೆ ಹತ್ತು ನಿಮಿಷ ಫೋನ್ ಮಾಡಬಲ್ಲಿರಾದರೆ ಅಷ್ಟನ್ನೇ ಹೇಳಿ, ಅಷ್ಟನ್ನು ತಪ್ಪಿಸಬೇಡಿ. ದುಡ್ಡು ಕಳಿಸಬೇಕು ಅನಿಸಿದರೆ ಸ್ವಲ್ಪ ತಡೆಯಿರಿ, ಅದಕ್ಕಿಂತ ಮುಂಚೆ ಆಗಬೇಕಾದ ಕೆಲಸ ಒಂದಿದೆ.

17 ಅಂದಿರಿ. ಇನ್ನೊಂದು ವರ್ಷಕ್ಕೆ ಅವನು ಆ ಮನೆಯಿಂದ ಹೊರಗೆ ಬರಬೇಕಾಗುತ್ತದೆ. ನೇಪಾಳದಲ್ಲಿ 16 ತುಂಬಿದವರು ನಾಗರಿಕತಾ, ಅಂದರೆ ಪೌರತ್ವದ, ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಅದಿಲ್ಲದೆ ಪಾಸ್‌ಪೋರ್ಟ್ ಇಲ್ಲ, ಸರ್ಕಾರಿ ಕೆಲಸ ಇಲ್ಲ, ಬ್ಯಾಂಕಲ್ಲೂ ತೊಂದರೆ. ಅದನ್ನು ಮಾಡಿಸಲು ಅಪ್ಪ ಅಥವಾ ಅಮ್ಮನ ನಾಗರಿಕತಾ ತೋರಿಸಬೇಕು, ಊರಿನ ವಾರ್ಡ್ ಕಚೇರಿಯ ಶಿಫಾರಸು ಪತ್ರ ಬೇಕು. ಚಿಕ್ಕಂದಿನಲ್ಲೇ ಊರು ಬಿಡಿಸಿ ಕರೆತಂದ, ಕಾಗದದಲ್ಲಿ ಅಪ್ಪನ ಹೆಸರೇ ಬದಲಾಗಿರುವ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆಶ್ರಮದ ಗೇಟು ದಾಟಿದ ದಿನ ಅವರ ಹತ್ತಿರ ಊರೂ ಇರುವುದಿಲ್ಲ, ಕಾಗದವೂ ಇರುವುದಿಲ್ಲ.

ಭಾನುವಾರ ಫೋನ್ ಮಾಡಿದಾಗ ಮೊದಲು ಅವನು ಊಟ ಮಾಡಿದನಾ, ಪರೀಕ್ಷೆ ಹೇಗಾಯಿತು ಅಂತ ಕೇಳಿ. ಆಮೇಲೆ ಮೆಲ್ಲಗೆ ಕೇಳಿ, ನಾಗರಿಕತಾ ಆಯಿತಾ ಅಂತ. ಊರಿನ ಹೆಸರು ನೆನಪಿದೆಯಾ, ಅಲ್ಲಿ ಯಾರಿದ್ದಾರೆ, ಕೊನೆ ಸಲ ಯಾವಾಗ ಹೋಗಿದ್ದೆ ಅಂತ ಕೇಳಿ. ಹೇಳಿದ್ದನ್ನು ಬರೆದುಕೊಳ್ಳಿ. ನಮ್ಮಲ್ಲಿರುವ ಹಾಗೇ ನೇಪಾಳದಲ್ಲೂ ಮಕ್ಕಳ ಸಹಾಯವಾಣಿ ನಂಬರ್ 1098, ಅಲ್ಲಿಗೆ ಅವನೇ ಫೋನ್ ಮಾಡಿ ಮಾತಾಡಬಹುದು, ಮಾತಾಡುವಾಗ ನೀವು ಇನ್ನೊಂದು ಫೋನಿನಲ್ಲಿ ಅವನ ಜೊತೆ ಇರಿ. ಕಾಗದ ಮಾಡಿಸಲು ಅವನು ಊರಿಗೆ ಹೋಗಬೇಕಾಗಿ ಬಂದರೆ, ಬಸ್ಸಿನ ದುಡ್ಡು ಕಳಿಸುವ ಹೊತ್ತು ಅದು.